ಗಾಲ್ವೇಗೆ ಬರೋ ಮುಂಚೆ ಐರಿಷ್ ಕಲೀಬೇಕಾ?

ಹಾಸನದಿಂದ ಬರೆದಿದ್ದೀರಿ. ಐರ್ಲೆಂಡಿನ ಗಾಲ್ವೇಯಲ್ಲಿ ಮೆಡಿಕಲ್ ಡಿವೈಸ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ, ಐರಿಷ್ ಬರದಿದ್ದರೆ ಸರ್ಕಾರಿ ಆಫೀಸು, ಬ್ಯಾಂಕು, ಕಂಪನಿಯಲ್ಲಿ ಕಷ್ಟವಾಗುತ್ತಾ, ಎಂಟು ವರ್ಷದ ಮಗಳಿಗೆ ಶಾಲೆಯಲ್ಲಿ ಆ ಭಾಷೆಯಿಂದ ವಿನಾಯಿತಿ ಸಿಗುತ್ತಾ ಅಂತ ಕೇಳಿದ್ದೀರಿ. ಕಷ್ಟವೇನೂ ಆಗಲ್ಲ. ವಿನಾಯಿತಿ ಮಾತ್ರ ಹೊರಗಿನಿಂದ ಬಂದವರು ಅನ್ನೋ ಕಾರಣಕ್ಕೆ ಸಿಗಲ್ಲ, ಅದಕ್ಕೆ ಹನ್ನೆರಡು ತುಂಬಿರಬೇಕು. ಬಾಡಿಗೆ ಮನೆ ವಿಚಾರಕ್ಕೆ ಬಂದರೆ, ಸಿಕ್ಕಿದ್ದನ್ನು ಹಿಡಿದುಕೊಳ್ಳಿ. ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲೇನಿಲ್ಲ.

ಬಂದ ಹೊಸತರಲ್ಲಿ ನನಗೂ ಇದೇ ದಿಗಿಲಿತ್ತು. ವಿಮಾನ ನಿಲ್ದಾಣದಲ್ಲಿ, ರಸ್ತೆಯಲ್ಲಿ, ಎಲ್ಲಿ ನೋಡಿದರೂ ಬೋರ್ಡಿನ ಮೇಲೆ ಓದಲಾಗದ ಇನ್ನೊಂದು ಭಾಷೆ. ಇಲ್ಲಿನ ಸಂವಿಧಾನದ 8ನೇ ವಿಧಿ ಐರಿಷನ್ನು ಮೊದಲ ಅಧಿಕೃತ ಭಾಷೆ ಅನ್ನುತ್ತೆ, ಇಂಗ್ಲಿಷಿಗೆ ಎರಡನೇ ಜಾಗ. ಆದರೆ ಕೌಂಟರ್ ಹತ್ತಿರ ಹೋಗಿ ನಿಂತರೆ ಎಲ್ಲ ಇಂಗ್ಲಿಷೇ. ತೆರಿಗೆ, ಸರ್ಕಾರಿ ಸೇವೆಗಳಿಗೆ ಬೇಕಾಗುವ ಪಿಪಿಎಸ್ ನಂಬರ್, ಹೊರದೇಶದವರಿಗೆ ಕೊಡುವ ವಾಸದ ಪರವಾನಗಿ ಅಂದರೆ ಐಆರ್‌ಪಿ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಯಾವುದಕ್ಕೂ ತೊಂದರೆಯಿಲ್ಲ. 2022ರ ಜನಗಣತಿಯಲ್ಲಿ ಐರಿಷ್ ಬರುತ್ತೆ ಅಂದವರು ಸುಮಾರು 18.7 ಲಕ್ಷ. ಶಾಲೆ ಕಾಲೇಜಿನ ಹೊರಗೆ ದಿನಾ ಆಡುವವರು 72 ಸಾವಿರದಷ್ಟು. ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಕಂಪನಿಯಲ್ಲಂತೂ ಯಾರೂ ಕೇಳಲ್ಲ. 2003ರ ಅಧಿಕೃತ ಭಾಷೆಗಳ ಕಾಯ್ದೆ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಐರಿಷ್‌ನಲ್ಲಿ ಪತ್ರ ಬರೆದರೆ ಅವರು ಐರಿಷ್‌ನಲ್ಲೇ ಉತ್ತರ ಕೊಡಬೇಕು, ಖಾಸಗಿಯವರಿಗೆ ಆ ಕಟ್ಟುಪಾಡಿಲ್ಲ. ಗಾಲ್ವೇ ಪೇಟೆಯ ಅಂಗಡಿಗಳಲ್ಲಿ ಐರಿಷ್ ಬೋರ್ಡು ಕಾಣೋದು ಕಾನೂನಿನ ಭಯಕ್ಕಲ್ಲ. 'ಗಾಲಿವ್ ಲೆ ಗೇಲ್ಗೆ' ಅಂತ ಒಂದು ಸಂಸ್ಥೆ ವ್ಯಾಪಾರಿಗಳನ್ನು ಮಾತಾಡಿಸಿ ಹುರಿದುಂಬಿಸುತ್ತೆ. ಕೆಲವು ಎಟಿಎಂಗಳು ಐರಿಷ್ ಬೇಕಾ ಅಂತ ಕೇಳುತ್ತವೆ. ಹಿಂದೆ ಯಾರೂ ನಿಂತಿಲ್ಲದಾಗ ಒತ್ತಿ ನೋಡಿ.

ಕಾರು ತಗೊಂಡ ಮೇಲೆ ಒಂದು ವಿಷಯ ನೆನಪಿರಲಿ. ಊರಿಂದ ಪಶ್ಚಿಮಕ್ಕೆ ಸ್ಪಿಡಲ್ ಕಡೆ ಹೋದರೆ ಗೇಲ್‌ಟಾಕ್ಟ್, ಅಂದರೆ ಐರಿಷ್ ಮನೆಮಾತಾಗಿರುವ ಸೀಮೆ. ಅಲ್ಲಿ ಊರಿನ ಹೆಸರೆಲ್ಲ ಐರಿಷ್‌ನಲ್ಲಷ್ಟೇ ಬರೆದಿರುತ್ತಾರೆ, ಫೋನಿನ ಮ್ಯಾಪ್ ಒಂದು ಹೆಸರು ಹೇಳಿದರೆ ಬೋರ್ಡು ಇನ್ನೊಂದು ಹೇಳುತ್ತೆ. ದಾರಿ ಬಿಡಿ ಅನ್ನೋ ತ್ರಿಕೋನದ ಫಲಕವೂ ಐರಿಷ್‌ನಲ್ಲೇ.

ನಾನು ಹೇಳಬೇಕು ಅಂದುಕೊಂಡಿದ್ದು ಆ ಸೀಮೆಯ ಜನರ ಬಗ್ಗೆ. ನಾನು ಆಸ್ಪತ್ರೆಯೊಂದರಲ್ಲಿ ಹೊರರೋಗಿಗಳ ಹೆಸರು ಬರೆದುಕೊಳ್ಳುವ ಕೌಂಟರಿನಲ್ಲಿದ್ದೇನೆ. ಅದೇ ಪಶ್ಚಿಮದ ಕಡೆಯ ಕನೆಮಾರಾದಿಂದ ವಯಸ್ಸಾದವರು ಮಗನ ಜೊತೆಗೋ ಸೊಸೆ ಜೊತೆಗೋ ಬರುತ್ತಾರೆ. ಸಾಲಿನಲ್ಲಿ ನಿಂತಿರುವಷ್ಟು ಹೊತ್ತೂ ಐರಿಷ್‌ನಲ್ಲೇ ಗುಸುಗುಸು. ನನ್ನೆದುರು ಬಂದು ಮುಖ ನೋಡಿದ ಕೂಡಲೇ ಇಂಗ್ಲಿಷಿಗೆ ಹೊರಳುತ್ತಾರೆ, ನನಗೆ ಮುಜುಗರ ಆಗಬಾರದು ಅಂತ. ಒಮ್ಮೆ ಒಬ್ಬ ಅಜ್ಜಿ ಹೆಸರು, ಊರು, ಹುಟ್ಟಿದ ತಾರೀಖು ಎಲ್ಲ ಇಂಗ್ಲಿಷಿನಲ್ಲಿ ಪಟಪಟ ಹೇಳಿದರು. ನೋವು ಎಲ್ಲಿ, ಹೇಗೆ ಅಂತ ನರ್ಸ್ ಕೇಳಿದಾಗ ಮಾತು ನಿಂತುಹೋಯಿತು. ಕೊನೆಗೆ ಗಾಡಿ ತಳ್ಳುವ ಹುಡುಗ, ಅವರ ಕಡೆಯವನೇ, ಪಕ್ಕದಲ್ಲಿ ಮಂಡಿಯೂರಿ ಕೂತು ಕೇಳಿ ಹೇಳಿದ.

ನನಗೆ ಅಮ್ಮ ನೆನಪಾದರು. ಬೆಂಗಳೂರಿನ ಬ್ಯಾಂಕಿನಲ್ಲಿ ಪಾಸ್‌ಬುಕ್ ಹಿಡಿದು, ಕನ್ನಡ ಬಾರದ ಅಧಿಕಾರಿ ಹಿಂದಿಯಲ್ಲಿ ಹೇಳಿದ್ದಕ್ಕೆಲ್ಲ ಹ್ಞೂಂ ಅಂದು, ಕೆಲಸ ಆಗದೆ ಮನೆಗೆ ಬಂದಿದ್ದರು. ಫೋನಿನಲ್ಲಿ ಕೇಳಿ ಆ ಅಧಿಕಾರಿಗೆ ಮನಸಾರೆ ಬೈದಿದ್ದೆ. ಇಲ್ಲಿ ಆ ಕುರ್ಚಿಯಲ್ಲಿ ಕೂತಿರೋದು ನಾನು. ಇದು ಇವತ್ತಿಗೂ ಚುಚ್ಚುತ್ತೆ. ಇಲ್ಲಿನವರಲ್ಲೂ ಬಹಳ ಜನಕ್ಕೆ ಐರಿಷ್ ಸರಿಯಾಗಿ ಬರಲ್ಲ ನಿಜ, ಆದರೆ ಆ ಅಜ್ಜಿಯ ಎದುರಿಗೆ ಆ ಸಬೂಬು ನಡೆಯಲ್ಲ.

ಸರ್ಕಾರಕ್ಕೂ ಇದು ಗೊತ್ತು. ಸರ್ಕಾರ ಮನಸ್ಸು ಮಾಡುತ್ತಿಲ್ಲ ಅಂತ, ಆ ಭಾಷಾ ಕಾಯ್ದೆ ಪಾಲನೆಯಾಗುತ್ತಿದೆಯೇ ಅಂತ ನೋಡಿಕೊಳ್ಳುವ ಮೊದಲ ಭಾಷಾ ಆಯುಕ್ತರು 2014ರಲ್ಲಿ ಅವಧಿಗೆ ಮುಂಚೆಯೇ ಹುದ್ದೆ ಬಿಟ್ಟು ಹೋದರು. ಆ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ 2030ರ ಕೊನೆಯ ಹೊತ್ತಿಗೆ ಸರ್ಕಾರಿ ಸೇವೆಗೆ ಹೊಸದಾಗಿ ಸೇರುವವರಲ್ಲಿ ಶೇ. 20 ಮಂದಿಗೆ ಐರಿಷ್ ಬರಬೇಕು. ಆಗುತ್ತೋ ಇಲ್ಲವೋ, ಕೌಂಟರಿನಲ್ಲಿ ಕೂತವಳಿಗೆ ಅನುಮಾನ ಇದ್ದೇ ಇದೆ. ನಾನಂತೂ ಸಂಜೆ ತರಗತಿಗೆ ಸೇರಿದೆ. ನಮಸ್ಕಾರ, ಕೂತ್ಕೊಳ್ಳಿ, ಎಲ್ಲಿ ನೋವು ಅನ್ನುವಷ್ಟು ಬಂತು. ಅಷ್ಟು ಕೇಳಿದರೆ ಸಾಕು, ಅವರು ನನಗೆ ಅರ್ಥವಾಗದ ವೇಗದಲ್ಲಿ ಶುರು ಮಾಡಿಬಿಡುತ್ತಾರೆ. ಆಗ ಬಲ್ಲವರನ್ನು ಕರೆಯುತ್ತೇನೆ.

ಹಾಗಾಗಿ ಮಗಳಿಗೆ ವಿನಾಯಿತಿ ಹುಡುಕುತ್ತಾ ಓಡಾಡಬೇಡಿ. ಆ ವಯಸ್ಸಿಗೆ ಮಕ್ಕಳು ಬೇಗ ಹಿಡಿಯುತ್ತಾರೆ, ನನ್ನವಳು ನನ್ನ ಉಚ್ಚಾರ ತಿದ್ದುತ್ತಾಳೆ. ಮನೆಯಲ್ಲಿ ಕನ್ನಡ ಓದಿಸೋದು ಬಿಡಬೇಡಿ, ನಿಜವಾಗಿ ಕೈತಪ್ಪೋದು ಅದೇ. ಶಾಲೆಗೆ ಈಗಲೇ ಮೇಲ್ ಹಾಕಿ, ಮಧ್ಯದ ತರಗತಿಗಳಿಗೆ ಜಾಗ ಸಿಗೋದು ಕಷ್ಟ.