ಟೀನೇಜ್ ಕಪಾಟು ಎಲ್ಲಿದೆ ಸಾರ್?

ದಾವಣಗೆರೆಯಿಂದ ಬರೆದಿರೋ ಮೇಡಂಗೆ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ದಪ್ಪ ದಪ್ಪ ಇಂಗ್ಲಿಷ್ ಫ್ಯಾಂಟಸಿ ವಾರಕ್ಕೊಂದು ಮುಗಿಸ್ತಾಳೆ, ಕನ್ನಡದ್ದು ಕೊಟ್ರೆ 'ಇದು ಚಿಕ್ಕಮಕ್ಳುದು' ಅಂತ ವಾಪಸ್ ಇಡ್ತಾಳೆ, ಈಚೆಗೆ ಬಂದಿರೋದ್ರಲ್ಲಿ ಯಾವುದಾದ್ರೂ ಹೇಳಿ, ನಾನೂ ಕಾಲೇಜು ಬಿಟ್ಮೇಲೆ ಏನೂ ಓದಿಲ್ಲ ಅಂತ ಬರ್ದಿದ್ದೀರಿ.

ಮಗಳು ಹೇಳೋದ್ರಲ್ಲಿ ತಪ್ಪಿಲ್ಲ ಬಿಡಿ. ನಮ್ ಪುಸ್ತಕದಂಗಡಿಗಳಲ್ಲಿ ಒಂದ್ಕಡೆ ಮಕ್ಕಳದ್ದು, ಅದು ಬಿಟ್ರೆ ಸೀದಾ ದೊಡ್ಡೋರ್ದು, ನಡುವೆ ಹದಿನಾಲ್ಕು ಹದಿನೈದರವ್ರಿಗೆ ಅಂತ ಕಪಾಟೇ ಇರಲ್ಲ. ನಾವು ಆ ವಯಸ್ಸಲ್ಲಿ ತೇಜಸ್ವಿಯವರ 'ಕರ್ವಾಲೊ' ಹಿಡ್ಕೊಂಡು ಹಾರೋ ಓತಿ ಹಿಂದೆ ಓಡಿದ್ವಿ, ಅದನ್ನೇನು ಟೀನೇಜರ್ಸ್‌ಗೆ ಅಂತ ಬರ್ದಿದ್ರಾ? ಅದಕ್ಕೇ ನಾನು ಇಬ್ರಿಗೂ ಒಂದೇ ಲಿಸ್ಟ್ ಕೊಡ್ತೀನಿ.

ಮೊದ್ಲು ವಿವೇಕ ಶಾನಭಾಗರ 'ಘಾಚರ್ ಘೋಚರ್', 2013ರದು. ತೆಳ್ಳಗಿದೆ, ಕನ್ನಡ ನಿಧಾನಕ್ಕೆ ಓದೋರಿಗೂ ಭಯ ಆಗಲ್ಲ. ಕಷ್ಟದಲ್ಲಿದ್ದ ಮನೆಗೆ ದಿಢೀರ್ ದುಡ್ಡು ಬಂದ್ರೆ ಜನ ಏನಾಗ್ತಾರೆ ಅನ್ನೋದು ಕತೆ. ಅದ್ರಲ್ಲಿ ಹಳೇ ಮನೆಯವ್ರು ಇರುವೆ ಮೇಲೆ ಯುದ್ಧ ಸಾರೋ ಭಾಗ ಇದೆ, ಮೊದ್ಲು ನಗು ಬರುತ್ತೆ ಆಮೇಲೆ ಒಂಥರಾ ಆಗುತ್ತೆ. ನಮ್ಮಕ್ಕನ ಮಗಳು ಅದನ್ನ ಓದಿದ ಮಾರನೇ ದಿನ, ಅಕ್ಕ ಅಡುಗೆಕಟ್ಟೆ ಮೇಲೆ ಇರುವೆ ಸಾಲಿಗೆ ಅರಿಶಿಣ ಹಾಕ್ತಿದ್ರೆ 'ಅಮ್ಮಾ, ನೀನೂ ಶುರು ಹಚ್ಕೊಂಡ್ಯಾ' ಅಂದ್ಳಂತೆ! ಅವ್ರದ್ದೇ 'ಸಕೀನಾಳ ಮುತ್ತು' (2021) ನಿಮಗಿರ್ಲಿ, ಮಗಳನ್ನ ಕೇಳ್ಕೊಂಡು ಹುಡುಗರು ಬಾಗಿಲಿಗೆ ಬಂದ್ಮೇಲೆ ಒಬ್ಬ ಅಪ್ಪನ ಪೇಚಾಟ.

ಫ್ಯಾಂಟಸಿ ಹುಚ್ಚಿರೋರಿಗೆ ವಸುಧೇಂದ್ರರ 'ತೇಜೋ ತುಂಗಭದ್ರಾ' (2019). ಮಾಯ ಮಂತ್ರ ಏನಿಲ್ಲ, ಆದ್ರೆ ಲಿಸ್ಬನ್ನಿಂದ ಹಡಗು ಹೊರಡುತ್ತೆ, ಯಹೂದಿ ಹುಡುಗಿ ಬೆಲ್ಲಾಗೋಸ್ಕರ ಗೇಬ್ರಿಯಲ್ ದುಡ್ಡು ಮಾಡ್ತೀನಿ ಅಂತ ಇಂಡಿಯಾಗೆ ಬರ್ತಾನೆ, ಈ ಕಡೆ ವಿಜಯನಗರದ ಕಾಲದ ತುಂಗಭದ್ರೆ ದಡದ ಕತೆ. ದಪ್ಪ ಇದೆ, ಓಡಿಸ್ಕೊಂಡು ಹೋಗುತ್ತೆ. ಧರ್ಮದ ಹೆಸರಲ್ಲಿ ನಡೆಯೋ ಕ್ರೌರ್ಯ ಜಾಸ್ತೀನೇ ಇದೆ, ಹಂಗಾಗಿ ಹತ್ತನೇ ಕ್ಲಾಸ್ ರಜೆವರ್ಗೂ ಕಾಯ್ಬಹುದು, ನಾನಾದ್ರೆ ಕಾಯಲ್ಲ.

ಬಾನು ಮುಷ್ತಾಕ್ ಅವ್ರ ಕತೆಗಳಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ದೀಪಾ ಭಾಸ್ತಿಯವರ ಅನುವಾದ 'ಹಾರ್ಟ್ ಲ್ಯಾಂಪ್' ನಿಮ್ಮಗಳು ಅಂಗಡೀಲಿ ನೋಡಿರ್ತಾಳೆ. ಇಂಗ್ಲಿಷಲ್ಲೇ ಶುರು ಮಾಡ್ಲಿ, ಏನೂ ತೊಂದ್ರೆ ಇಲ್ಲ, ಮೂಲ ನೀವು ಓದಿ, ಊಟಕ್ಕೆ ಕೂತಾಗ ಇಬ್ರೂ ಜಗಳ ಆಡಿ. 'ಎದೆಯ ಹಣತೆ' ಕತೆ ಮಾತ್ರ ಮೊದ್ಲು ನೀವೇ ಓದ್ಕೊಳ್ಳಿ, ಸಾಯಕ್ಕೆ ಹೊರಟ ತಾಯಿನ ತಡೆಯೋದು ಮಗಳೇ.

ಇನ್ನು 'ಚಿಕ್ಕಮಕ್ಳುದು'. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಸತತ ಮೂರು ವರ್ಷ ಕನ್ನಡದ ಕಾದಂಬರಿಗಳಿಗೇ ಬಂತು, 2021ರಲ್ಲಿ ಬಸು ಬೇವಿನಗಿಡದರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಇವನ್ನ ಮಗಳಿಗೆ ಕೊಡ್ಬೇಡಿ. ನೀವು ಓದಿ, ಅರ್ಧಕ್ಕೆ ಬೋರಲು ಹಾಕಿ ಸೋಫಾ ಮೇಲೆ ಬಿಟ್ಟು ಎದ್ದೋಗಿ.

ಏನಾಯ್ತು ಅಂತ ಮಗಳ ಕೈಲೇ ಬರೆಸಿ, ನಮ್ಮನ್ನ ಬೈದ್ರೂ ಅಚ್ಚು ಹಾಕ್ತೀವಿ.

- ಸಂ.