ಗುಜರಿಗೆ ಕೊಡುವ ಮುಂಚೆ: ಅಟ್ಟದ ಮೇಲಿನ 486 ಬಗ್ಗೆ

ಅಣ್ಣಾ, ನಿಮ್ಮ ಪ್ರಶ್ನೆ ಓದಿದೆ. ಮಂಡಿಪೇಟೆಯ ನಿಮ್ಮ ದಲಾಲಿ ಅಂಗಡಿಯ ಅಟ್ಟದ ಮೇಲೆ ಹಳೇ 486 ಕಂಪ್ಯೂಟರ್ (486 ಅನ್ನುವ ಪ್ರೊಸೆಸರ್ ಚಿಪ್ ಇರುವಂಥದ್ದು) ಸಿಕ್ಕಿದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿ ತಂದದ್ದು, ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳುತ್ತಿದ್ದಾರೆ, ಮಗಳ ಶಾಲೆಯ ವಸ್ತುಪ್ರದರ್ಶನದಲ್ಲಿ ಇಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಇಡಬಹುದು. ದಯವಿಟ್ಟು ಗುಜರಿಗೆ ಕೊಡಬೇಡಿ. ಆದರೆ ಈಗಲೇ ಪ್ಲಗ್ ಹಾಕಿ ನೋಡೋಣ ಅಂತ ಮಾತ್ರ ಹೋಗಬೇಡಿ.

ಮೊದಲು ಕ್ಯಾಬಿನೆಟ್ ಬಿಚ್ಚಿ. ಮದರ್‌ಬೋರ್ಡ್ ಅಂದರೆ ಒಳಗಿನ ಮುಖ್ಯ ಬೋರ್ಡ್ ಮೇಲೆ, ಸಾಮಾನ್ಯವಾಗಿ ಕೀಬೋರ್ಡ್ ಸಾಕೆಟ್ ಹತ್ತಿರ, ನೀಲಿ ಅಥವಾ ಹಸಿರು ಬಣ್ಣದ ಉರುಟು ಬ್ಯಾಟರಿ ಬೆಸುಗೆ ಹಾಕಿರುತ್ತದೆ. ಅದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ವರ್ಷಗಟ್ಟಲೆ ಬಿಟ್ಟರೆ ಸೋರುತ್ತದೆ, ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹಳೇ 386, 486 ಬೋರ್ಡ್‌ಗಳು ಹೆಚ್ಚಾಗಿ ಸಾಯುವುದು ಇದರಿಂದಲೇ. ಬಿಳಿ ಅಥವಾ ಹಸಿರು ಪುಡಿ ಕಂಡರೆ ಕೈಗವಸು ಹಾಕಿಕೊಂಡು ಬ್ಯಾಟರಿ ಕತ್ತರಿಸಿ ತೆಗೆಯಿರಿ. ಸೋರಿದ್ದು ಕ್ಷಾರ, ಹಾಗಾಗಿ ಹತ್ತಿಯನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿ ಒರೆಸಿ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು ಪೂರ್ತಿ ಒಣಗಿಸಿ. ಸೋರದಿದ್ದರೂ ತೆಗೆದುಬಿಡಿ, ಇನ್ನು ಅದನ್ನು ನಂಬುವ ಹಾಗಿಲ್ಲ.

ಈ ಬ್ಯಾಟರಿ ಬಂದದ್ದೂ ಮಕ್ಕಳಿಗೆ ಹೇಳುವಂಥ ವಿಷಯ. 1981ರ ಐಬಿಎಂ ಪಿಸಿಯಲ್ಲಿ ಗಡಿಯಾರವೇ ಇರಲಿಲ್ಲ. ಪ್ರತಿ ಸಲ ಆನ್ ಮಾಡಿದಾಗ ಡಾಸ್ (ಆಗ ಯಂತ್ರ ನಡೆಸುತ್ತಿದ್ದ ಮೂಲ ಸಾಫ್ಟ್‌ವೇರ್) ತಾರೀಖು ಕೇಳುತ್ತಿತ್ತು, ಸಮಯ ಕೇಳುತ್ತಿತ್ತು, ನಾವೇ ಹೊಡೆಯಬೇಕು. ಬ್ಯಾಟರಿಯಿಂದ ನಡೆಯುವ ಗಡಿಯಾರ ಯಂತ್ರದ ಜೊತೆಗೇ ಬಂದದ್ದು 1984ರ ಪಿಸಿ ಎಟಿ ಮಾದರಿಯಲ್ಲಿ.

ಪವರ್ ಸಪ್ಲೈ ಬಗ್ಗೆ ಹುಷಾರು. ಆ ಕಾಲದ ಕ್ಯಾಬಿನೆಟ್‌ಗಳಲ್ಲಿ ಮುಂದಿನ ಸ್ವಿಚ್‌ಗೆ ನೇರ 230 ವೋಲ್ಟ್ ಬರುತ್ತದೆ. ಪ್ಲಗ್ ತೆಗೆಯದೆ ಒಳಗೆ ಕೈ ಹಾಕಬೇಡಿ. ಹಿಂದೆ 115/230 ಅಂತ ಸಣ್ಣ ಸ್ವಿಚ್ ಇದ್ದರೆ 230ರಲ್ಲಿ ಇದೆಯಾ ನೋಡಿ. ಮದರ್‌ಬೋರ್ಡಿಗೆ ಹೋಗುವ ಎರಡು ಉದ್ದ ಕನೆಕ್ಟರ್‌ಗಳನ್ನು ಬಿಚ್ಚಿದ್ದರೆ, ತಿರುಗಿ ಹಾಕುವಾಗ ಎರಡರ ಕಪ್ಪು ವೈರುಗಳೂ ನಡುವೆ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡ್ ಸುಟ್ಟಿತು ಅಂತಲೇ ಲೆಕ್ಕ. ಮೊದಲ ಸಲ ಕರೆಂಟ್ ಕೊಡುವುದನ್ನು ಟಿವಿ ರಿಪೇರಿಯವರ ಹತ್ತಿರ, ಸೀರೀಸ್ ಬಲ್ಬ್ (ಕರೆಂಟ್ ಬರುವ ದಾರಿಯಲ್ಲೇ ಒಂದು ಬಲ್ಬ್) ಹಾಕಿ ಮಾಡಿಸಿ. ಮಾನಿಟರ್ ಅಂತೂ ಬಿಚ್ಚಲೇಬೇಡಿ, ಪಿಕ್ಚರ್ ಟ್ಯೂಬ್‌ನಲ್ಲಿ ಪ್ಲಗ್ ತೆಗೆದ ಮೇಲೂ ಹೈ ವೋಲ್ಟೇಜ್ ಉಳಿದಿರುತ್ತದೆ.

ಈಗ ಪ್ರದರ್ಶನದಲ್ಲಿ ಇಡುವ ಬೋರ್ಡಿನ ಬರಹಕ್ಕೆ ಬರೋಣ. 'ಮೊದಲ ಪರ್ಸನಲ್ ಕಂಪ್ಯೂಟರ್ ಮಾಡಿದ್ದು ಐಬಿಎಂ, 1981ರಲ್ಲಿ' ಅಂತ ಬರೆಸಬೇಕು ಅಂದಿದ್ದೀರಿ. ಅದು ಬೇಡ. ತುಂಬಾ ಜನ ಹಾಗೇ ನಂಬಿದ್ದಾರೆ, ಮಕ್ಕಳ ತಲೆಯಲ್ಲಾದರೂ ಸರಿಯಾದದ್ದು ಕೂರಲಿ. ಅದಕ್ಕಿಂತ 10 ವರ್ಷ ಮುಂಚೆ, 1971ರಲ್ಲೇ ಅಮೆರಿಕದ ಜಾನ್ ಬ್ಲಾಂಕನ್‌ಬೇಕರ್ ಅನ್ನುವವರು ಕೆನ್‌ಬ್ಯಾಕ್-1 ಮಾಡಿದ್ದರು. ಬೆಲೆ 750 ಡಾಲರ್, ಮೆಮೊರಿ ಬರೀ 256 ಬೈಟ್. ಅದರಲ್ಲಿ ಮೈಕ್ರೊಪ್ರೊಸೆಸರ್, ಅಂದರೆ ಇಡೀ ಪ್ರೊಸೆಸರ್ ಒಂದೇ ಚಿಪ್‌ನಲ್ಲಿ ಇರುವಂಥದ್ದು, ಇರಲಿಲ್ಲ, ಬಿಡಿ ಬಿಡಿ ಚಿಪ್‌ಗಳೇ. ಸುಮಾರು 40 ಮಾತ್ರ ಮಾರಾಟವಾದವು.

ನಿಮ್ಮ ಕಸುಬಿಗೆ ಹತ್ತಿರವಾದದ್ದು ಇನ್ನೊಂದಿದೆ. 1973ರಲ್ಲಿ ಫ್ರಾನ್ಸ್‌ನಲ್ಲಿ ಮೈಕ್ರಾಲ್ ಎನ್ ಬಂತು. ಮೈಕ್ರೊಪ್ರೊಸೆಸರ್ ಇಟ್ಟುಕೊಂಡು, ಕಿಟ್ ಆಗಿ ಅಲ್ಲದೆ ಪೂರ್ತಿ ಯಂತ್ರವಾಗಿಯೇ ಮಾರಾಟವಾದ ಮೊದಲ ಕಂಪ್ಯೂಟರ್‌ಗಳಲ್ಲಿ ಅದೂ ಒಂದು. ಅದನ್ನು ಮಾಡಿಸಿದ್ದು ಯಾರು ಗೊತ್ತಾ? ಅಲ್ಲಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ. ಬೆಳೆಯಿಂದ, ಮಣ್ಣಿನಿಂದ ಎಷ್ಟು ನೀರು ಆವಿಯಾಗಿ ಹೋಗುತ್ತದೆ ಅಂತ ಅಳೆಯಲು ಅವರಿಗೆ ಕಡಿಮೆ ಬೆಲೆಯ ಕಂಪ್ಯೂಟರ್ ಬೇಕಿತ್ತು. ಭದ್ರಾ ನಾಲೆ ನಂಬಿಕೊಂಡು ಭತ್ತ ಬೆಳೆಯುವ ನಮ್ಮ ಊರಿನ ಮಕ್ಕಳಿಗೆ ಇದನ್ನು ಹೇಳಲೇಬೇಕು. ಹೆಸರುವಾಸಿಯಾದ ಆಲ್ಟೇರ್ 8800 ಪತ್ರಿಕೆಯ ಮುಖಪುಟದಲ್ಲಿ ಬಂದದ್ದು 1975ರ ಜನವರಿಯಲ್ಲಿ, ಅಂದರೆ ಇದಾದ ಮೇಲೆ.

ಮೈಕ್ರಾಲ್‌ನಲ್ಲಿ ಇದ್ದ ಚಿಪ್ ಇಂಟೆಲ್ 8008. ನಿಮ್ಮ 486ರ ಬೇರು ಅಲ್ಲಿದೆ, ಇನ್ನೂ ಹಿಂದಕ್ಕೂ ಇದೆ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಕಂಪನಿಯೊಂದು 1970ರಲ್ಲಿ ಡೇಟಾಪಾಯಿಂಟ್ 2200 ಅನ್ನುವ ಟರ್ಮಿನಲ್ (ಪರದೆ, ಕೀಬೋರ್ಡ್ ಇರುವ ಯಂತ್ರ) ಪ್ರಕಟಿಸಿತು. ಅದರ ಪ್ರೊಸೆಸರ್ ರಾಶಿ ಚಿಪ್‌ಗಳಿಂದ ಆಗಿತ್ತು. ಎಲ್ಲವನ್ನೂ ಒಂದೇ ಚಿಪ್‌ನಲ್ಲಿ ಮಾಡಿಕೊಡಿ ಅಂತ ಇಂಟೆಲ್‌ಗೆ ಹೇಳಿದರು. ಇಂಟೆಲ್ ತಡ ಮಾಡಿತು, ಚಿಪ್ ನಿಧಾನವೂ ಆಗಿತ್ತು. ಆ ಕಂಪನಿ ಅದನ್ನು ಬಳಸಲೇ ಇಲ್ಲ. ಇಂಟೆಲ್ ಅದೇ ಚಿಪ್ಪನ್ನು 8008 ಅಂತ ಹೆಸರಿಟ್ಟು 1972ರಲ್ಲಿ ಮಾರಾಟಕ್ಕೆ ಬಿಟ್ಟಿತು. ಅಲ್ಲಿಂದ 8080, 8086, 8088, ಹಾಗೇ ನಿಮ್ಮ 486. ದೊಡ್ಡ ಸಂಖ್ಯೆಯನ್ನು ಮೆಮೊರಿಯಲ್ಲಿ ಇಡುವಾಗ ಈ ಚಿಪ್‌ಗಳು ಚಿಕ್ಕ ಭಾಗವನ್ನು ಮೊದಲು ಇಡುತ್ತವೆ. ಕೂಡುವ ಲೆಕ್ಕವನ್ನು ನಾವು ಬಿಡಿ ಸ್ಥಾನದಿಂದ ಶುರು ಮಾಡುತ್ತೇವಲ್ಲ, ಡೇಟಾಪಾಯಿಂಟ್ ಹಾಗೇ ಬಿಟ್ ಬಿಟ್ ಆಗಿ ಕೂಡುತ್ತಿತ್ತು, ಅದಕ್ಕೇ ಆ ಕ್ರಮ. ಇವತ್ತಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲೂ ಅದೇ ಕ್ರಮ ನಡೆದುಕೊಂಡು ಬಂದಿದೆ.

ಇನ್ನು, ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಪಿಸಿ ಜೋಡಿಸಲು ಹೇಗೆ ಸಾಧ್ಯವಾಯಿತು? ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಐಬಿಎಂ ತನ್ನ ಪಿಸಿಗೆ ಹೊರಗಿನ ಕಂಪನಿಗಳ ಭಾಗಗಳನ್ನೇ ಬಳಸಿತ್ತು, ಯಾರು ಬೇಕಾದರೂ ಕೊಳ್ಳಬಹುದಿತ್ತು. ಡಾಸ್ ಕೂಡ ಮೈಕ್ರೊಸಾಫ್ಟ್‌ನಿಂದ ಸಿಗುತ್ತಿತ್ತು. ಅದನ್ನು ಮೊದಲು ಬರೆದದ್ದು ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ನ ಟಿಮ್ ಪ್ಯಾಟರ್ಸನ್. ಐಬಿಎಂ ಸ್ವಂತ ಅಂತ ಇಟ್ಟುಕೊಂಡಿದ್ದು ಮುಖ್ಯವಾಗಿ ಬಯಾಸ್ ಒಂದನ್ನೇ, ಅಂದರೆ ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಂ. ಅದರ ಕೋಡ್ ಕೈಪಿಡಿಯಲ್ಲೇ ಅಚ್ಚಾಗಿತ್ತು, ಆದರೆ ನಕಲು ಮಾಡಿದರೆ ಕೇಸು. ಕಾಂಪ್ಯಾಕ್ ಕಂಪನಿಯವರು ಕೆಲಸವನ್ನು ಎರಡು ಭಾಗ ಮಾಡಿದರು. ಒಂದು ಕಡೆಯವರು ಐಬಿಎಂ ಕೋಡ್ ಓದಿ, ಅದು ಏನೇನು ಮಾಡುತ್ತದೆ ಅಂತ ಮಾತ್ರ ಬರೆದುಕೊಟ್ಟರು. ಆ ಕೋಡನ್ನು ಕಣ್ಣಲ್ಲೂ ನೋಡಿರದ ಇನ್ನೊಂದು ಕಡೆಯವರು ಅಷ್ಟರಿಂದಲೇ ಹೊಸದಾಗಿ ಬರೆದರು. 1982ರ ನವೆಂಬರ್‌ನಲ್ಲಿ ಅವರ ಯಂತ್ರ ಪ್ರಕಟವಾಯಿತು. 1984ರಲ್ಲಿ ಫೀನಿಕ್ಸ್ ಅನ್ನುವ ಕಂಪನಿ ಹೀಗೇ ಬರೆದ ಬಯಾಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಅಲ್ಲಿಂದ ಅಸೆಂಬಲ್ಡ್ ಪಿಸಿಗಳ ದಾರಿ ತೆರೆಯಿತು. ನಿಮ್ಮ ಯಂತ್ರ ಆನ್ ಆದರೆ ಶುರುವಿನಲ್ಲಿ ಪರದೆ ಮೇಲೆ ಕಾಣುವ ಬಯಾಸ್ ಹೆಸರು ನೋಡಿ. ಫೀನಿಕ್ಸ್, ಅವಾರ್ಡ್, ಎಎಂಐ ಇವುಗಳಲ್ಲಿ ಒಂದಿರುವುದೇ ಜಾಸ್ತಿ.

ಮುಂದೆ ಟರ್ಬೊ ಬಟನ್ ಇದ್ದರೆ ಮಕ್ಕಳು ಒತ್ತಿ ನೋಡಲಿ. ಅದನ್ನು ಕೊಟ್ಟದ್ದು ಯಂತ್ರವನ್ನು ನಿಧಾನ ಮಾಡುವುದಕ್ಕೆ. ಮೊದಲ ಪಿಸಿಯ 4.77 ಮೆಗಾಹರ್ಟ್ಸ್ ವೇಗವನ್ನೇ ನಂಬಿ ಬರೆದ ಆಟಗಳು ಹೊಸ ಯಂತ್ರದಲ್ಲಿ ಕೈಗೆ ಸಿಗದಷ್ಟು ಜೋರಾಗಿ ಓಡುತ್ತಿದ್ದವು. ಆ 4.77 ಬಂದದ್ದೂ ಅಮೆರಿಕದ ಕಲರ್ ಟಿವಿಗೆ ಹೊಂದುವ 14.318 ಮೆಗಾಹರ್ಟ್ಸ್ ಕ್ರಿಸ್ಟಲ್ಲನ್ನು 3ರಿಂದ ಭಾಗಿಸಿ. ಮುಂದೆ ಹೊಳೆಯುವ 33, 66 ಅಂಕಿಗಳು ವೇಗ ಅಳೆಯುವುದಿಲ್ಲ. ಜೋಡಿಸಿದವರು ಹಿಂದೆ ಜಂಪರ್ (ಪಿನ್‌ಗಳನ್ನು ಸೇರಿಸುವ ಸಣ್ಣ ಕೊಂಡಿ) ಹಾಕಿ ಇಟ್ಟದ್ದು ಅಷ್ಟೇ.

ಹಾರ್ಡ್‌ಡಿಸ್ಕ್ ಮೇಲಿನ ಚೀಟಿಯ ಫೋಟೋ ತೆಗೆದಿಡಿ. ಸಿಲಿಂಡರ್, ಹೆಡ್, ಸೆಕ್ಟರ್ ಅಂಕಿಗಳು ಅದರಲ್ಲಿರುತ್ತವೆ, ಬ್ಯಾಟರಿ ಸತ್ತ ಯಂತ್ರಕ್ಕೆ ಅವನ್ನು ಕೈಯಾರೆ ಕೊಡಬೇಕಾಗಬಹುದು. ಡಿಸ್ಕ್ ತಿರುಗಿದರೆ ಬೇರೇನೂ ಮಾಡುವ ಮುಂಚೆ ಐಡಿಇ-ಯುಎಸ್‌ಬಿ ಅಡಾಪ್ಟರ್ (ಹಳೇ ಡಿಸ್ಕನ್ನು ಈಗಿನ ಕಂಪ್ಯೂಟರಿಗೆ ಸೇರಿಸುವ ಸಾಧನ) ಹಾಕಿ ಎಲ್ಲವನ್ನೂ ನಕಲು ಮಾಡಿಕೊಳ್ಳಿ. ನಿಮ್ಮ ಅಂಗಡಿಯ ಹಳೇ ಖಾತೆಗಳು ಅದರಲ್ಲಿ ಇರಬಹುದು, ಪ್ರದರ್ಶನಕ್ಕೆ ಕಳಿಸುವಾಗ ಅವನ್ನು ತೆಗೆದೇ ಕಳಿಸಿ.

ಒಳಗಿನ ಕಾರ್ಡುಗಳನ್ನು ಒಂದೊಂದಾಗಿ ನೋಡಿ. ಯಾವುದರ ಮೇಲಾದರೂ ಜಿಸ್ಟ್ ಅಥವಾ ಸಿ-ಡ್ಯಾಕ್ ಅಂತ ಇದ್ದರೆ ಅದು ಅಪರೂಪದ ವಸ್ತು. ಡಾಸ್‌ಗೆ ಕನ್ನಡ ಗೊತ್ತಿರಲಿಲ್ಲ. ಕಾನ್ಪುರದ ಐಐಟಿಯಲ್ಲಿ ಶುರುವಾಗಿ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಬೆಳೆದ ಈ ಜಿಸ್ಟ್ ಕಾರ್ಡ್ ಹಾಕಿದರೆ ಪರದೆ ಮೇಲೆ ಕನ್ನಡ ಬರುತ್ತಿತ್ತು. ಕಾರ್ಡುಗಳ ಎರಡೂ ಬದಿಯ ಫೋಟೋ, ಬ್ಯಾಟರಿ ಇರುವ ಮೂಲೆಯದೂ ಒಂದು, ಇಲ್ಲೇ ಹಾಕಿ. ಯಾವುದು ಏನು ಅಂತ ನೋಡಿ ಹೇಳುತ್ತೇನೆ.