ಈಜು ಬರದವರಿಗಿಂತ ಮೀಸೆ ಇರೋರಿಗೇ ಕಷ್ಟ

ಮೈಸೂರಿನವರು, ಐವತ್ತರ ಹತ್ತಿರದ ಗಂಡ ಹೆಂಡತಿ. ಆಸ್ಟ್ರೇಲಿಯಾದಲ್ಲಿ ಬ್ರಿಸ್ಬೇನ್‌ನಿಂದ ಕೇರ್ನ್ಸ್‌ವರೆಗೆ ಹನ್ನೆರಡು ದಿನ ಕ್ಯಾಂಪರ್‌ವ್ಯಾನ್ ಓಡಿಸಿಕೊಂಡು ಹೋಗಿ ಗ್ರೇಟ್ ಬ್ಯಾರಿಯರ್ ರೀಫ್ ಅನ್ನೋ ಹವಳದ ದಿಬ್ಬಗಳ ಸಾಲಿನಲ್ಲಿ ಸ್ನಾರ್ಕ್ಲಿಂಗ್, ಅಂದರೆ ಮಾಸ್ಕು, ಉಸಿರಾಟದ ಕೊಳವೆ ಹಾಕಿಕೊಂಡು ಮುಖ ಮುಳುಗಿಸಿ ತೇಲೋದು, ಮಾಡೋ ಆಸೆ. ನಿಮಗೆ ಈಜು ಬರುತ್ತೆ, ಮನೆಯವರಿಗೆ ಬರಲ್ಲ, ಇದೆಲ್ಲ ಆಗೋ ಮಾತಾ ಅಂತ ಕೇಳಿದ್ದೀರಿ. ನಮ್ಮದೂ ಹೆಚ್ಚುಕಡಿಮೆ ಇದೇ ಲೆಕ್ಕವಾಗಿತ್ತು. ನಾನು ಮಂಡ್ಯ ಕಡೆಯ ಕಬ್ಬಿನ ಗದ್ದೆಯವನು, ಈಗ ಮೈಸೂರಲ್ಲಿದ್ದೀನಿ. ವಿ.ಸಿ. ನಾಲೆಯಲ್ಲಿ ಈಜಿ ಬೆಳೆದವನು. ನಮ್ಮ ಮನೆಯವಳು ಮೊಣಕಾಲುದ್ದ ನೀರು ಕಂಡರೂ ‘ಬೇಡ ರೀ’ ಅನ್ನೋಳು. ಕೊನೆಗೆ ಸಮುದ್ರದಲ್ಲಿ ಪೇಚಿಗೆ ಸಿಕ್ಕಿದ್ದು ನಾನೇ. ಅದನ್ನ ಆಮೇಲೆ ಹೇಳ್ತೀನಿ.

ಮೊದಲು ದಾರಿ ಮೊಟಕು ಮಾಡಿ. ಬ್ರಿಸ್ಬೇನ್‌ನಿಂದ ಕೇರ್ನ್ಸ್‌ಗೆ ಬ್ರೂಸ್ ಹೈವೇ ಮೇಲೆ ಸುಮಾರು 1,700 ಕಿ.ಮೀ. ಅಷ್ಟನ್ನ ಹನ್ನೆರಡು ದಿನದಲ್ಲಿ ಮುಗಿಸೋಕೆ ಹೊರಟರೆ ನೀವು ನೋಡೋದು ಸ್ಟೀರಿಂಗು, ಅವರು ನೋಡೋದು ನಿಮ್ಮ ಸಿಡುಕು ಮುಖ. ನಾವು ಕೇರ್ನ್ಸ್‌ನಲ್ಲೇ ವ್ಯಾನ್ ತಗೊಂಡು, ಮೊದಲು ಉತ್ತರಕ್ಕೆ ಡೇಂಟ್ರೀ ಕಾಡಿನವರೆಗೆ ಹೋಗಿ, ವಾಪಸ್ ತಿರುಗಿ ಮಿಷನ್ ಬೀಚ್, ಟೌನ್ಸ್‌ವಿಲ್ ದಾಟಿ ಏರ್ಲೀ ಬೀಚ್ ಮುಟ್ಟಿದ್ವಿ. ಕೇರ್ನ್ಸ್‌ನಿಂದ ಏರ್ಲೀಗೆ ನೇರ ಹೋದರೆ 620 ಕಿ.ಮೀ. ಆಸುಪಾಸು. ಹನ್ನೊಂದು ದಿನ ತಗೊಂಡ್ವಿ, ಅದೂ ಸಾಲಲಿಲ್ಲ. ವ್ಯಾನನ್ನ ಬೇರೆ ಊರಲ್ಲಿ ಬಿಟ್ಟಿದ್ದಕ್ಕೆ ಬಾಡಿಗೆಯವರು ಹೆಚ್ಚಿಗೆ ದುಡ್ಡು ಹಾಕಿದರು. ಬುಕ್ ಮಾಡೋವಾಗಲೇ ಅದನ್ನ ಕೇಳಿಕೊಳ್ಳಿ.

ಓಡಿಸೋದು ನಮ್ಮ ಹಾಗೇ ಎಡಗಡೆ. ಆರ್‌ಟಿಒ ಆಫೀಸಿನಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತೆ, ಜೊತೆಗೆ ಅಸಲಿ ಲೈಸೆನ್ಸೂ ಇರಲಿ. ಕತ್ತಲಾದ ಮೇಲೆ ಮಾತ್ರ ಗಾಡಿ ತೆಗೀಬೇಡಿ, ನಾವು ಹೋಗಿದ್ದ ಆಗಸ್ಟ್‌ನಲ್ಲಿ ಸಂಜೆ ಆರೂವರೆಗೆಲ್ಲ ಕತ್ತಲು. ನಮ್ಮ ಕಡೆ ದನ ಅಡ್ಡ ಬಂದರೆ ನಿಂತು ನಿಮ್ಮನ್ನೇ ನೋಡುತ್ತೆ. ಕಾಂಗರೂ ಯಾವ ಕಡೆಗೆ ನೆಗೆಯುತ್ತೆ ಅಂತ ಅದಕ್ಕೇ ಗೊತ್ತಿರಲ್ಲ.

ವ್ಯಾನ್ ಅಂದರೆ ಹಿಂದೆ ಒಂದು ಹಾಸಿಗೆ, ಎರಡು ಒಲೆಯ ಗ್ಯಾಸು, ಅಂಗೈಯಗಲದ ಸಿಂಕು. ಸಿಕ್ಕಸಿಕ್ಕಲ್ಲಿ ನಿಲ್ಲಿಸಿ ಮಲಗೋ ಹಾಗಿಲ್ಲ. ನಾವು ಬಹುತೇಕ ರಾತ್ರಿ ಕ್ಯಾರವಾನ್ ಪಾರ್ಕ್‌ಗಳಲ್ಲೇ ಇದ್ವಿ, ಕರೆಂಟು, ಬಿಸಿನೀರು, ಬಟ್ಟೆ ಒಗೆಯೋ ಮಿಷನ್ನು ಎಲ್ಲ ಇರುತ್ತೆ. ಪ್ರತಿ ಸಲ ಹೊರಡೋ ಮುಂಚೆ ಡ್ರಾಯರಿನ ಚಿಲಕಗಳನ್ನ ಒಂದೊಂದಾಗಿ ಒತ್ತಿ ನೋಡಿ. ಮೊದಲನೇ ದಿನ ಮೊದಲನೇ ರೌಂಡ್‌ಅಬೌಟ್‌ನಲ್ಲಿ ನಮ್ಮ ಡ್ರಾಯರು ಹಾರಿ ಬಂದು ಕಾಲು ಕೆಜಿ ಸಾಂಬಾರ್ ಪುಡಿ ಹಾಸಿಗೆ ತುಂಬ ಚೆಲ್ಲಿತು. ಎಷ್ಟು ಕೊಡವಿದರೂ ಹೋಗಲಿಲ್ಲ. ಹನ್ನೊಂದು ದಿನವೂ ಧನಿಯಾ, ಮೆಂತ್ಯದ ವಾಸನೆಯಲ್ಲೇ ಮಲಗಿದ್ವಿ. ಅಂದ ಹಾಗೆ, ವಿಮಾನದಲ್ಲಿ ಕೊಡೋ ಕಾರ್ಡಿನಲ್ಲಿ ತಿನ್ನೋ ಪದಾರ್ಥ ಒಂದನ್ನೂ ಬಿಡದೆ ಬರೆಯಿರಿ. ಬರೆದು ತೋರಿಸಿದ್ದು ಬೇಡ ಅನ್ನಿಸಿದರೆ ತೆಗೆದಿಟ್ಟುಕೊಳ್ತಾರೆ, ಅಷ್ಟೇ. ಬಚ್ಚಿಟ್ಟು ಸಿಕ್ಕಿಬಿದ್ದರೆ ದೊಡ್ಡ ದಂಡ. ಹಸಿ ಕರಿಬೇವು, ಹಣ್ಣು, ಬೀಜ ತಗೊಂಡು ಹೋಗೋ ಯೋಚನೆಯೇ ಬೇಡ. ಕೇರ್ನ್ಸ್‌ನಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ರಸ್ಟೀಸ್ ಮಾರ್ಕೆಟ್ ನಡೆಯುತ್ತೆ, ಸೊಪ್ಪು ತರಕಾರಿ ಹಣ್ಣು ಧಾರಾಳ, ದೇವರಾಜ ಮಾರ್ಕೆಟ್ಟಿಗೆ ಬಂದ ಹಾಗೆ ಅನ್ನಿಸಿತು.

ಸಮುದ್ರ ನೋಡೋಕೆ ಹೋಗಿ ನಾನು ಜಾಸ್ತಿ ನೋಡಿದ್ದು ಕಬ್ಬು. ಇನಿಸ್‌ಫೇಲ್, ಟಲ್ಲಿ, ಇಂಗಮ್, ಎಲ್ಲಿ ನೋಡಿದರೂ ಕಬ್ಬೇ. ಜೂನ್‌ನಿಂದ ವರ್ಷದ ಕೊನೆಯವರೆಗೆ ಅಲ್ಲಿ ನುರಿಯೋ ಕಾಲ. ನಮ್ಮಲ್ಲಿ ಟ್ರ್ಯಾಕ್ಟರಿನ ಟ್ರೈಲರು ತುಳುಕೋ ಹಾಗೆ ತುಂಬಿ ಹೊಡೀತೀವಲ್ಲ, ಅಲ್ಲಿ ಎರಡಡಿ ಅಗಲದ ಹಳಿ ಮೇಲೆ ಪುಟ್ಟ ರೈಲು. ಹೈವೇ ಅಡ್ಡ ಬಂದಾಗ ನಿಂತು ಡಬ್ಬಿ ಎಣಿಸೋಕೆ ಶುರು ಮಾಡಿದೆ, ತೊಂಬತ್ತಕ್ಕೆ ಲೆಕ್ಕ ತಪ್ಪಿತು. ‘ರೀ, ಇಷ್ಟು ದುಡ್ಡು ಕೊಟ್ಟು ಕಬ್ಬು ನೋಡೋಕೆ ಬಂದ್ವಾ?’ ಅಂದಳು. ಟಲ್ಲಿ ಅನ್ನೋದು ಆಗುಂಬೆಯವರ ಜೊತೆ ಜಗಳಕ್ಕೆ ನಿಲ್ಲೋ ಊರು. 1950ರಲ್ಲಿ ಅಲ್ಲಿ 7,900 ಮಿ.ಮೀ. ಮಳೆ ಬಿತ್ತಂತೆ, ಆ ಲೆಕ್ಕಕ್ಕೆ ಸರಿಯಾಗಿ 7.9 ಮೀಟರ್ ಎತ್ತರದ ಗಮ್‌ಬೂಟು ಕಟ್ಟಿ ನಿಲ್ಲಿಸಿದ್ದಾರೆ. ಹತ್ತಿ ನೋಡಬಹುದು.

ಈಗ ಸ್ನಾರ್ಕ್ಲಿಂಗ್. ರೀಫ್ ದಡದಲ್ಲೇ ಇರುತ್ತೆ ಅಂದುಕೊಂಡಿದ್ದರೆ, ಇಲ್ಲ. ಕೇರ್ನ್ಸ್‌ನಿಂದ ಹೊರಗಿನ ರೀಫ್‌ಗೆ ದೋಣಿಯಲ್ಲಿ ಒಂದೂವರೆ ಗಂಟೆಗೂ ಮೇಲೆ. ಆಗಸ್ಟ್ ಹೊತ್ತಿಗೆ ಆಗ್ನೇಯದಿಂದ ಜೋರು ಗಾಳಿ, ದೋಣಿ ಎದ್ದು ಎದ್ದು ಬೀಳುತ್ತೆ, ವಾಂತಿ ಮಾತ್ರೆಯನ್ನ ಹತ್ತೋ ಮುಂಚೆಯೇ ನುಂಗಿ. ಈಜು ಬರದವರು ಮೊದಲು ಗ್ರೀನ್ ಐಲ್ಯಾಂಡ್‌ಗೆ ಹೋಗಿ. ಮುಕ್ಕಾಲು ಗಂಟೆ ದಾರಿ, ಮರಳ ಮೇಲೆ ನಡೆದುಕೊಂಡೇ ನೀರಿಗೆ ಇಳಿಯಬಹುದು. ನೀರಿಗಿಳಿಯೋ ಮುಂಚೆ ಆರೋಗ್ಯದ ಫಾರ್ಮು ತುಂಬಿಸಿಕೊಳ್ತಾರೆ. ಹೃದಯ, ಉಸಿರಾಟದ ತೊಂದರೆ ಇದ್ದರೆ ಮುಚ್ಚಿಡಬೇಡಿ. ಅಂಥವರಿಗೂ ಅರವತ್ತು ದಾಟಿದವರಿಗೂ ತೇಲೋ ಸಾಮಾನು ಕೊಟ್ಟು ಜೊತೆಗಾರರ ಸಮೇತ ಇಳಿಸ್ತಾರೆ.

ಮನೆಯವಳಿಗೆ ಲೈಫ್ ಜಾಕೆಟ್ ಹಾಕಿ, ಕಂಕುಳಲ್ಲಿ ಸ್ಪಂಜಿನ ಉದ್ದ ಕೋಲು ಕೊಟ್ಟು, ದೋಣಿಯ ಹುಡುಗಿಯೊಬ್ಬಳು ರಿಂಗು ಹಿಡಿಸಿಕೊಂಡು ನಿಧಾನಕ್ಕೆ ಎಳೆದುಕೊಂಡು ಹೋದಳು. ಈಜು ಬರಲ್ಲವಲ್ಲ, ಹಾಗಾಗಿ ಕೈಕಾಲು ಬಡಿಯೋ ಗೋಜೇ ಇಲ್ಲ. ಮುಖ ಕೆಳಗೆ ಹಾಕಿ ಸುಮ್ಮನೆ ತೇಲಿದಳು. ನಾನೋ, ನಾಲೆ ಈಜಿನವನು. ಕತ್ತು ಮೇಲೆತ್ತಿ ಎರಡು ಕೈ ಬೀಸಿದರೇ ಈಜು ನಮಗೆ. ಕೊಳವೆಯಲ್ಲಿ ಉಸಿರಾಡ್ತಾ ಮುಖ ಮುಳುಗಿಸಿಕೊಂಡಿರೋದು ಐವತ್ತು ವರ್ಷದ ಅಭ್ಯಾಸಕ್ಕೆ ಪೂರ್ತಿ ಉಲ್ಟಾ. ಅದರ ಮೇಲೆ ಮೀಸೆ. ಮಾಸ್ಕಿನ ಅಂಚು ಚರ್ಮಕ್ಕೆ ಅಂಟಿದರೆ ಮಾತ್ರ ನೀರು ನಿಲ್ಲೋದು, ಕೂದಲ ಸಂದಿಯಿಂದ ಸಣ್ಣಗೆ ಜಿನುಗಿ ಜಿನುಗಿ ಮೂಗಿನ ತನಕ ಬಂತು. ಐದು ನಿಮಿಷಕ್ಕೆ ಉಪ್ಪುನೀರು ಕುಡಿದು ಕೆಮ್ಮುತ್ತಾ ಮೇಲೆ ಬಂದೆ. ಮೂಗಿನ ಕೆಳಗೆ ಗೆರೆಯಷ್ಟು ಬೋಳಿಸಿ ಉಳಿದಿದ್ದಕ್ಕೆ ವ್ಯಾಸಲೀನ್ ಹಚ್ಚಿ ಅಂತ ದೋಣಿಯವರು ಅಂದರು. ಮಾರನೇ ದಿನ ವ್ಯಾನಿನ ಕನ್ನಡಿ ಮುಂದೆ ಅದೂ ಆಯ್ತು. ಊರಿಗೆ ಬಂದ ಮೇಲೆ ಕ್ಷೌರದಂಗಡಿಯಲ್ಲಿ ಇದೇನು ಸ್ವಾಮಿ ಅಂತ ಕೇಳಿದರು.

ಮನೆಯವಳು ದೋಣಿ ಹತ್ತಿದವಳೇ ಹೇಳಿದ ಮೊದಲ ಮಾತು: ‘ರೀ, ಕೆಳಗೆ ಯಾರೋ ಒಗ್ಗರಣೆ ಹಾಕ್ತಿದ್ದಾರೆ.’ ನಿಜ. ಕಿವಿ ಮುಳುಗಿದ ಕೂಡಲೇ ಸಾಸಿವೆ ಸಿಡಿದ ಹಾಗೆ ಚಟಪಟ. ಅದು ಕೊಂಡಿ ಚಿಟಿಕೆ ಹೊಡೆಯೋ ಸಣ್ಣ ಸೀಗಡಿಗಳ ಸದ್ದಂತೆ. ಪ್ಯಾರಟ್ ಮೀನು ಹವಳದ ಬಂಡೆ ಕೆರೆಯೋದೂ ಕೇಳಿಸುತ್ತೆ, ಅದು ತಿಂದು ಹಾಕಿದ್ದೇ ಬಿಳಿ ಮರಳು. ಬಣ್ಣ ಮಾತ್ರ ಫೋಟೋದಲ್ಲಿ ಇದ್ದಷ್ಟಿಲ್ಲ. ಹವಳ ಬಹುಪಾಲು ಕಂದು, ಹಸಿರು. ಅದರ ಮೈಯೊಳಗಿರೋ ಪಾಚಿಯ ಬಣ್ಣ ಅದು. ನೀರು ಅತಿಯಾಗಿ ಕಾದರೆ ಹವಳ ಆ ಪಾಚಿಯನ್ನ ಹೊರಹಾಕಿ ಬಿಳಿಚಿಕೊಳ್ಳುತ್ತೆ. 2016ರಿಂದ 2024ರೊಳಗೆ ಐದು ಸಲ ದೊಡ್ಡ ಮಟ್ಟದಲ್ಲಿ ಹಾಗಾಗಿದೆ. ಜೊತೆಗೆ ಕಬ್ಬಿನ ಗದ್ದೆಯಿಂದ ಕೊಚ್ಚಿ ಬರೋ ಗೊಬ್ಬರವೂ ರೀಫ್‌ಗೆ ಕೆಡುಕು ಅಂತ ದೋಣಿಯವರು ಹೇಳಿದಾಗ ನನಗೆ ನಮ್ಮ ಗದ್ದೆ ಬದುವಿನ ಮೇಲಿನ ಯೂರಿಯಾ ಚೀಲಗಳು ಕಣ್ಣಿಗೆ ಬಂದವು. ಎಕರೆಗೆ ಎಷ್ಟು ಹಾಕ್ತೀನಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇನ್ನೊಂದು, ನಾಲೆಯವರಿಗೆ ಸುಸ್ತಾದರೆ ಕಾಲಲ್ಲಿ ನೆಲ ಹುಡುಕೋ ಚಾಳಿ. ಅಲ್ಲಿ ಕಾಲಿಗೆ ಸಿಗೋದು ಹವಳ, ಅದು ಜೀವ. ತುಳಿಯಬೇಡಿ.

ನವೆಂಬರ್‌ನಿಂದ ಮೇವರೆಗೆ ಹೋಗಬೇಡಿ, ವಿಷದ ಜೆಲ್ಲಿ ಮೀನಿನ ಕಾಲ. ಮೈತುಂಬ ಸೂಟು ಹಾಕಿಕೊಂಡು ಇಳಿಯೋರಿದ್ದಾರೆ, ಆದರೆ ಮೊದಲ ಸಲಕ್ಕೆ ಆ ದಿಗಿಲು ಯಾಕೆ? ಹೊಳೆ ಸಮುದ್ರ ಸೇರೋ ಕಡೆ ಎಲ್ಲ ಮೊಸಳೆ ಬೋರ್ಡು ಇರುತ್ತೆ. ಪಾತ್ರೆ ತೊಳೆಯೋಕೂ ದಡಕ್ಕೆ ಇಳಿಯಬೇಡಿ. ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಬಾಯಿ ಕಳೆದು ಮಲಗಿರೋದಕ್ಕಿಂತ ಇವು ಭಾರಿ ದೊಡ್ಡವು.

ಹೊರಡೋಕೆ ಇನ್ನೂ ಟೈಮ್ ಇದೆ ಅಂತೀರಲ್ಲ, ಈಗಲೇ ಎರಡು ಮಾಸ್ಕು, ಎರಡು ಕೊಳವೆ ತಗೊಂಡು ಸರಸ್ವತಿಪುರಂ ಈಜುಕೊಳಕ್ಕೆ ಹೋಗಿ. ಮನೆಯವರು ಆಳವಿಲ್ಲದ ಕಡೆ ಕಂಬಿ ಹಿಡಿದು ಮುಖ ಮುಳುಗಿಸಿ ಹತ್ತು ನಿಮಿಷ ಉಸಿರಾಡಲಿ, ಅವರಿಗೆ ಅಷ್ಟು ಸಾಕು. ನೀವೂ ಪಕ್ಕದಲ್ಲೇ ಕಂಬಿ ಹಿಡಿದು ಅದನ್ನೇ ಮಾಡಿ. ಮೀಸೆ ಇದೆಯೋ ಇಲ್ಲವೋ ನೀವು ಬರೆದಿಲ್ಲ.